ಜ್ವರ ಬಿಟ್ಟ ದಿನ ಫೈನಲ್ ಮ್ಯಾಚು

ಸಿಮಾಳ ದನಿ ತಲುಪದ ಮನೆ ನಮ್ಮೂರಲ್ಲಿ ಒಂದೂ ಇಲ್ಲ. ಆ ದನಿಗೆ ಓಗೊಟ್ಟು ಎದ್ದುನಿಂತ ಮನೆಯೂ ಒಂದಿಲ್ಲ.

ಪನಾಯ್ ದ್ವೀಪದ ದಕ್ಷಿಣದಂಚಿನಲ್ಲಿ, ಸಮುದ್ರಕ್ಕೂ ಹೆದ್ದಾರಿಗೂ ನಡುವೆ ಸಿಕ್ಕಿಹಾಕಿಕೊಂಡ ಮುನ್ನೂರು ಮನೆಗಳ ಊರು ನಮ್ಮದು. ಫೆಲಿಸಿಸಿಮಾ ಹತ್ತೊಂಬತ್ತು ವರ್ಷದಿಂದ ಈ ಮುನ್ನೂರು ಮನೆಗಳ ಆರೋಗ್ಯ ಸೇವಕಿ. ಊರಿಗೆಲ್ಲ ಮನಾಂಗ್ ಸಿಮಾ, ಸಿಮಾ ಅಕ್ಕ. ಬೆಳಿಗ್ಗೆ ಏಳಕ್ಕೆ ತಿಳಿನೀಲಿ ಅಂಗಿ ತೊಟ್ಟು, ಹೆಗಲಿಗೆ ಕೈಮೈಕು ತೂಗುಹಾಕಿಕೊಂಡು ಅವಳು ದಂಡಯಾತ್ರೆ ಹೊರಟಳೆಂದರೆ ಮುಂದೆ ನಾಯಿಗಳು, ಹಿಂದೆ ಕೋಳಿಗಳು. ನಾಯಿಗೆ ಹುಚ್ಚುರೋಗದ ಚುಚ್ಚುಮದ್ದು ಹಾಕಿಸಿ. ಗ್ಯಾಸ್ ಸೋರುತ್ತಿದೆಯೋ ಎಂದು ನೋಡಲು ಸೋಪಿನ ನೊರೆ ಹಚ್ಚಿ, ದಯವಿಟ್ಟು ಬೆಂಕಿಕಡ್ಡಿ ಗೀರಬೇಡಿ. ಬಿರುಗಾಳಿಯ ಎರಡನೇ ಎಚ್ಚರಿಕೆ ಬಂದಿದೆ, ಬಟ್ಟೆ, ಕಾಗದಪತ್ರ, ಅಕ್ಕಿ ಒಂದು ಚೀಲಕ್ಕೆ ಹಾಕಿಟ್ಟುಕೊಳ್ಳಿ. ಬೋರ್ಗಲ್ಲ ಮೇಲೆ ಮಳೆ ಹುಯ್ದ ಹಾಗೆ ಇದೆಲ್ಲ ಹತ್ತೊಂಬತ್ತು ವರ್ಷ ಸುರಿದಿದೆ. ಬೋರ್ಗಲ್ಲುಗಳಾದ ನಾವು ಸ್ವಲ್ಪ ನುಣುಪಾಗಿದ್ದೇವೆ, ಅಷ್ಟೇ.

ಅವಳ ತಪ್ಪೂ ಅಲ್ಲ. ಒಮ್ಮೆ ಒಂದೇ ಬೆಳಿಗ್ಗೆ ಎರಡು ಕಚೇರಿಗಳಿಂದ ಎರಡು ಕಾಗದ ಬಂದವು. ನೀರು ಇನ್ನು ಮೇಲೆ ಸೋಮವಾರ, ಗುರುವಾರ ಮಾತ್ರ, ಇರುವ ಪಾತ್ರೆಗಳಲ್ಲೆಲ್ಲ ತುಂಬಿಸಿಟ್ಟುಕೊಳ್ಳಿ ಎಂದು ಒಂದು. ಡೆಂಗಿ ಹರಡುತ್ತಿದೆ, ಮನೆಯ ಯಾವ ಪಾತ್ರೆಯಲ್ಲೂ ನೀರು ನಿಲ್ಲಲು ಬಿಡಬೇಡಿ ಎಂದು ಇನ್ನೊಂದು. ಸಿಮಾ ಎರಡನ್ನೂ ಒಂದೇ ಉಸಿರಿನಲ್ಲಿ, ಒಂದೇ ನಿಷ್ಠೆಯಿಂದ ಓದಿದಳು.

"ಏ ಸಿಮಾ," ಎಂದಳು ಜಗುಲಿಯ ಮೇಲೆ ಕೂತಿದ್ದ ಮುದುಕಿ ತೂರಿಂಗ್. "ತುಂಬಿಸ್ಲೋ, ಚೆಲ್ಲಲೋ? ಎರಡರಲ್ಲಿ ಒಂದು ಹೇಳು, ನನಗಿರೋದು ಒಂದೇ ಸೊಂಟ."

"ತುಂಬಿಸಿ ಮುಚ್ಚಿಡಿ ಅಜ್ಜಿ. ಡ್ರಮ್ಮಿಗೆ ಮುಚ್ಚಳ ಇದೆಯಲ್ಲ?"

"ಇದೆ. ಅದರ ಮೇಲೆ ಮೀನು ಒಣಗ್ತಿದೆ. ಮೀನನ್ನ ನಿನ್ನ ತಲೆ ಮೇಲೆ ಒಣಹಾಕ್ಲಾ?"

ಆ ವರ್ಷವಿಡೀ ಅವಳು ಮೈಕಿನಲ್ಲಿ ಜಪಿಸಿದ ಮಂತ್ರ ಇನ್ನೊಂದಿತ್ತು. ಡೆಂಗಿ ಜ್ವರ ಬಿಟ್ಟಿತು ಅಂತ ಹಿಗ್ಗಬೇಡಿ. ಬಿಟ್ಟ ಮೇಲಿನ ಎರಡು ದಿನವೇ ಕೆಟ್ಟದ್ದು. ಹೊಟ್ಟೆನೋವು, ವಾಂತಿ, ಒಸಡಲ್ಲಿ ರಕ್ತ ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಜ್ವರ ಬಂದಾಗ ಹೆದರುವುದು, ಬಿಟ್ಟಾಗ ಗಂಜಿಗೆ ಕೋಳಿ ಕೊಯ್ಯುವುದು ನಮ್ಮ ಪದ್ಧತಿ. ಅದನ್ನು ತಲೆಕೆಳಗು ಮಾಡಿ ಅಂದರೆ ಯಾರಿಗೆ ಅರ್ಥವಾದೀತು?

ಇನ್ನು ಅವಳ ಗಂಡ ಕ್ರಿಸಾಂತೊ. ಊರಿಗೆ ಸಾಂತೊ. ವಾರವೆಲ್ಲ ಬಡಗಿ, ಭಾನುವಾರ ಬಾಸ್ಕೆಟ್‌ಬಾಲ್ ರೆಫರಿ. ಐದಡಿ ಮೂರಂಗುಲದ ಆಳು. ಆದರೆ ಅವನು ಸೀಟಿ ಊದಿದನೆಂದರೆ ಮರದುದ್ದದ ಹತ್ತು ಹುಡುಗರು ನಿಂತಲ್ಲೇ ಕಲ್ಲಾಗುತ್ತಿದ್ದರು. ಒಂದೇ ಮನೆಯಲ್ಲಿ ಎರಡು ವಾದ್ಯ: ಒಂದನ್ನು ಊರು ಶಿರಸಾವಹಿಸುತ್ತಿತ್ತು, ಇನ್ನೊಂದನ್ನು ಕೇಳಿ ಮಗ್ಗುಲು ಬದಲಾಯಿಸುತ್ತಿತ್ತು. ಸಾಂತೊಗೆ ಇದರ ಹಮ್ಮು ಬೇರೆ. ಹೆಂಡತಿ ಮೈಕು ಒರೆಸುತ್ತ ಕೂತಾಗ, "ನಿನ್ನದು ಬಹಳ ಉದ್ದ ಕಣೇ. ನನ್ನ ನೋಡು, ಒಂದೇ ಪೀ," ಎನ್ನುತ್ತಿದ್ದ.

ಆಗಸ್ಟ್ ತಿಂಗಳಲ್ಲಿ, ಅದೂ ಊರಿನ ಪಂದ್ಯಾವಳಿ ಮುಗಿಯುವ ವಾರದಲ್ಲಿ, ಸಾಂತೊಗೆ ಜ್ವರ ಬಂತು. ಕಣ್ಣಗುಡ್ಡೆ ಕೀಳುವ ಹಾಗೆ ನೋವು, ಮೂಳೆಮೂಳೆಗೂ ನೋವು. ಸಿಮಾ ಮಾರನೇ ದಿನವೇ ಪಟ್ಟಣಕ್ಕೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿದಳು. ಡೆಂಗಿ. ಡಾಕ್ಟರು ಚೀಟಿ ಬರೆದುಕೊಟ್ಟರು: ಜ್ವರದ ಮಾತ್ರೆ ಇದೊಂದೇ, ಬೇರೆ ಯಾವ ನೋವಿನ ಮಾತ್ರೆಯೂ ಬೇಡ, ನೀರು ಧಾರಾಳ, ಜ್ವರ ಇಳಿದ ದಿನ ತಪ್ಪದೆ ದೊಡ್ಡಾಸ್ಪತ್ರೆಗೆ ಕರೆತನ್ನಿ. ಸಿಮಾ ಚೀಟಿಯನ್ನು ದೇವರ ಪಟದ ಪಕ್ಕ ಮೊಳೆಗೆ ಸಿಕ್ಕಿಸಿದಳು. ಸಾಂತೊ ಮೂರು ದಿನ ಡಾಕ್ಟರನ್ನು, ಸೊಳ್ಳೆಯನ್ನು, ಹೆಂಡತಿಯನ್ನು ಸರದಿಯ ಪ್ರಕಾರ ಬೈಯುತ್ತ ಮಲಗಿದ.

ಜ್ವರ ಇಳಿದದ್ದು ಭಾನುವಾರ ಬೆಳಿಗ್ಗೆ. ಅಂದು ಮಧ್ಯಾಹ್ನ ಮೂರಕ್ಕೆ ಫೈನಲ್ ಮ್ಯಾಚು.

ಸಾಂತೊ ಎದ್ದು ಕೂತ. ಬೆಳ್ಳುಳ್ಳಿ ಅನ್ನ, ಒಣಮೀನು ಬೇಕೆಂದ. ಸಿಮಾ ಅವನ ಹಣೆ ಮುಟ್ಟಿ ನೋಡಿದಳು. ತಣ್ಣಗಿತ್ತು. ಬೇರೆ ಯಾವ ಹೆಂಡತಿಯಾದರೂ ಶಿಲುಬೆ ಗುರುತು ಹಾಕಿಕೊಂಡು ದೇವರನ್ನು ನೆನೆಯುತ್ತಿದ್ದಳು. ಸಿಮಾ ಮೊಳೆಯಿಂದ ಚೀಟಿ ಕಿತ್ತುಕೊಂಡಳು.

"ಎದ್ದೇಳು, ಆಸ್ಪತ್ರೆಗೆ ಹೋಗೋಣ."

"ಜ್ವರ ಇದ್ದಾಗ ಮನೇಲಿ ಮಲಗಿಸಿದೆ, ಬಿಟ್ಟ ಮೇಲೆ ಆಸ್ಪತ್ರೆ ಅಂತೀಯ. ನಿನಗೂ ಜ್ವರವೇನೇ?"

"ಚೀಟಿ ಓದು."

"ಚೀಟಿ ಬರೆದವರು ಫೈನಲ್ ನೋಡಿದಾರಾ? ನಾಳೆ ಹೋಗೋಣ. ಬೆಳಗಾಗೋದ್ರೊಳಗೆ ಆಸ್ಪತ್ರೆ ಎದ್ದು ಓಡಿಹೋಗಲ್ಲ."

ಅಷ್ಟರಲ್ಲಿ ಕಪಿತಾನ್ ಎಲ್ಪಿಡಿಯೊ ಬಂದರು. ಊರಿನ ಚುನಾಯಿತ ಮುಖ್ಯಸ್ಥ. ಡೆಂಗಿ ಸಮಿತಿಗೂ ಅಧ್ಯಕ್ಷರು, ಬಾಸ್ಕೆಟ್‌ಬಾಲ್ ಸಮಿತಿಗೂ ಅಧ್ಯಕ್ಷರು. ಅವತ್ತು ಅವರ ಕೈಯಲ್ಲಿದ್ದದ್ದು ಎರಡನೇ ಸಮಿತಿಯ ಫೈಲು. ಹಿಂದೆ ಅರ್ಧ ಊರು.

ಅವರ ಕಷ್ಟವೂ ಸಣ್ಣದಲ್ಲ. ಫೈನಲ್ ಇದ್ದದ್ದು ಮೇಲಿನ ಕೇರಿ ಇಲಾಯಾಕ್ಕೂ ಕೆಳಗಿನ ಕೇರಿ ಇಲಾವೊದ್‌ಗೂ. ಸಾಂತೊ ಹುಟ್ಟಿದ್ದು ಮೇಲೆ, ಮದುವೆಯಾಗಿ ಬಂದದ್ದು ಕೆಳಗೆ. ಎರಡೂ ಕೇರಿಗಳು ಅವನನ್ನು ಸಮಸಮವಾಗಿ ಅನುಮಾನಿಸುತ್ತಿದ್ದುದರಿಂದ ಅವನೊಬ್ಬನೇ ನಿಷ್ಪಕ್ಷಪಾತಿ. ಹಿಂದಿನ ವರ್ಷ ಪಕ್ಕದೂರಿಂದ ತರಿಸಿದ ರೆಫರಿ ಎರಡನೇ ಕಾಲುಭಾಗಕ್ಕೇ ಸಮುದ್ರಕ್ಕೆ ಹಾರಿ ಜೀವ ಉಳಿಸಿಕೊಂಡಿದ್ದ. ಅಂದು ಮುರಿದ ಪ್ಲಾಸ್ಟಿಕ್ ಕುರ್ಚಿಗಳು ಇನ್ನೂ ಸಮುದಾಯ ಭವನದ ಮೂಲೆಯಲ್ಲಿ ಬಿದ್ದಿವೆ.

"ಎರಡೇ ಗಂಟೆ ಮನಾಂಗ್," ಎಂದರು ಕಪಿತಾನ್. "ಆಟ ಮುಗಿದ ತಕ್ಷಣ ನಮ್ಮ ಊರಿನ ಗಾಡೀಲೇ ಆಸ್ಪತ್ರೆಗೆ. ಸೈರನ್ ಹಾಕ್ಕೊಂಡು!"

"ಕ್ಯಾಪ್, ಕಳೆದ ತಿಂಗಳು ನೀವೇ ಅಲ್ವಾ ನನ್ನ ಕೈಲಿ ಬ್ಯಾನರ್ ಬರೆಸಿದ್ದು? ಜ್ವರ ಇಳಿದರೆ ಮೈಮರೆಯಬೇಡಿ ಅಂತ?"

"ಬ್ಯಾನರ್ ಚೆನ್ನಾಗಿತ್ತು ಮನಾಂಗ್. ಬಣ್ಣವಂತೂ ಬಹಳ ಚೆನ್ನಾಗಿತ್ತು."

"ಅದರಲ್ಲಿ ಬರೆದಿದ್ದು?"

"ಅದು... ಸಾಮಾನ್ಯ ಜನರಿಗೆ. ಸಾಂತೊ ಗಟ್ಟಿ ಆಳು."

ತೂರಿಂಗ್ ಮುದುಕಿ ಡೆಂಗಿಗೆ ರಾಮಬಾಣವೆಂದು ಊರು ನಂಬಿದ್ದ ತಾವಾ-ತಾವಾ ಸೊಪ್ಪಿನ ಕಷಾಯ ತಂದು ಸಾಂತೊನ ಬಾಯಿಗೆ ಹುಯ್ದಳು. ಜನ ಚಪ್ಪಾಳೆ ತಟ್ಟಿದರು. ಸಿಮಾ ಬಾಗಿಲಿಗೆ ಅಡ್ಡ ನಿಂತಳು. ಸಾಂತೊ ಅಡುಗೆಮನೆಯ ಕಿಟಕಿಯಿಂದ ಇಳಿದುಹೋದ. ಅವಳ ಕೋಟೆ ಬಿದ್ದದ್ದು ಹಾಗೆ, ಒಂದು ಬಾಣವೂ ಹಾರದೆ.

ನಾನು ಅಂದು ಸ್ಕೋರು ಬರೆಯುವ ಮೇಜಿನ ಬಳಿಯಿದ್ದೆ. ಚೀಟಿಯ ವಿಷಯ ನನಗೂ ಗೊತ್ತಿತ್ತು. ನಾನೂ ಪೆನ್ಸಿಲ್ ಚೂಪು ಮಾಡಿಕೊಂಡು ಕೂತೆ.

ಆಟ ಶುರುವಾದ ಹತ್ತು ನಿಮಿಷಕ್ಕೆ ಸಿಮಾ ಬಂದಳು. ನೀಲಿ ಅಂಗಿ, ಕೈಮೈಕು, ಎರಡು ಬಾಟ್ಲಿ ನೀರು. ಅಂಕಣದ ಗೆರೆಯ ಪಕ್ಕದಲ್ಲಿ ನಿಂತು ಮೈಕು ಬಾಯಿಗಿಟ್ಟಳು.

"ಸಾಂತೊ! ಹೊಟ್ಟೆ ನೋಯ್ತಿದೆಯಾ?"

ಊರಿಗೆ ಊರೇ ನಕ್ಕಿತು. ಸಾಂತೊ ಸೀಟಿ ಊದಿ, ಅವಳತ್ತ ಬೆರಳು ತೋರಿಸಿ, ಎರಡು ಕೈಯಿಂದ ಟಿ ಅಕ್ಷರ ಮಾಡಿದ. ಪ್ರೇಕ್ಷಕರಿಗೆ ಟೆಕ್ನಿಕಲ್ ಫೌಲು! ಹುಡುಗರು ನೆಲಕ್ಕೆ ಬಿದ್ದು ನಕ್ಕರು.

"ವಾಕರಿಕೆ ಇದೆಯಾ? ತಲೆ ಸುತ್ತುತ್ತಾ? ಹೇಳೋ!"

"ಮನಾಂಗ್, ಇಲಾಯಾದವರಿಗೂ ಕೇಳಿ. ಹದಿನಾಲ್ಕು ಪಾಯಿಂಟ್ ಹಿಂದಿದಾರೆ, ಅವರಿಗೂ ತಲೆ ಸುತ್ತಿರುತ್ತೆ!" ಯಾರೋ ಕೂಗಿದರು.

ಸಾಂತೊ ಅಂದು ಆಡಿಸಿದ ಆಟ ಮಾತ್ರ ಅಮೋಘ. ಹಾರುತ್ತಿದ್ದ, ಬಾಗುತ್ತಿದ್ದ. ಕಪಿತಾನರ ಅಳಿಯನಿಗೇ ಮೂರು ಫೌಲು ಕೊಟ್ಟ. ಅರ್ಧ ವಿರಾಮದಲ್ಲಿ ಸಿಮಾ ನೀರಿನ ಬಾಟ್ಲಿ ಚಾಚಿದಳು. ಒಂದು ಗುಟುಕು ಕುಡಿದು, "ನೋಡಿದ್ಯಾ? ಕುದುರೆ ಹಾಗಿದೀನಿ," ಎಂದ. ಅವನ ಮುಂಗೈ ತೇವವಾಗಿ ತಣ್ಣಗಿತ್ತಂತೆ. ಬೆವರು ಎಂದ. ಅಂಥ ಬಿಸಿಲಲ್ಲಿ ಬೆವರು ತಣ್ಣಗಿರುವುದಿಲ್ಲ ಎಂದು ಸಿಮಾಗೆ ಗೊತ್ತಿತ್ತು. ಅವಳು ಕಪಿತಾನರ ಬಳಿ ಓಡಿದಳು. ಇನ್ನರ್ಧವಷ್ಟೇ ಎಂದರು. ನನ್ನ ಬಳಿ ಬಂದಳು. "ನೀನಾದ್ರೂ ಹೇಳೋ, ನಿನ್ನ ಮಾತಿಗೆ ಬೆಲೆ ಕೊಡ್ತಾನೆ." ನಾನು ಸ್ಕೋರು ನೋಡಿದೆ. ಅಂತರ ನಾಲ್ಕಕ್ಕೆ ಇಳಿದಿತ್ತು. ಮುಗೀತಾ ಬಂತಲ್ಲ ಮನಾಂಗ್ ಎಂದೆ. ಆ ಮಾತನ್ನು ವಾಪಸು ನುಂಗುವ ಉಪಾಯ ಇದುವರೆಗೆ ಸಿಕ್ಕಿಲ್ಲ.

ಮೂರನೇ ಕಾಲುಭಾಗದಲ್ಲಿ ಸಾಂತೊ ಇದ್ದಕ್ಕಿದ್ದಂತೆ ಸೀಟಿ ಊದಿದ. ಎಲ್ಲರೂ ಕಲ್ಲಾದರು.

"ಯಾರ ಫೌಲು?" ಎಂದರು ಎರಡೂ ಕಡೆಯವರು.

ಯಾರದೂ ಅಲ್ಲ. ಸಾಂತೊ ಒಂದು ಕೈಯಿಂದ ಹೊಟ್ಟೆ ಹಿಡಿದುಕೊಂಡು ನಡುಗೆರೆಯ ಮೇಲೆ ಮೆಲ್ಲಗೆ ಕೂತ. ಸೀಟಿಯನ್ನು ಬಾಯಿಂದ ತೆಗೆದ. ಅದು ಕೆಂಪಗಿತ್ತು.

ಅಷ್ಟು ನಿಶ್ಶಬ್ದದಲ್ಲಿ ಸಿಮಾ ಮೈಕಿಲ್ಲದೆಯೇ ಏನು ಹೇಳಿದ್ದರೂ ಮುನ್ನೂರು ಮನೆಗೂ ಕೇಳುತ್ತಿತ್ತು. ಮೈಕು ಗೆರೆಯ ಪಕ್ಕ ಬಿದ್ದಿತ್ತು, ಅವಳು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಗಾಡಿ ಬಂತು. ಸೈರನ್ ಮಾತ್ರ ಕೆಟ್ಟಿತ್ತು.

ಆಸ್ಪತ್ರೆಯಲ್ಲಿ ರೋಗಿಯ ಜೊತೆ ಒಬ್ಬರಿಗಷ್ಟೇ ಇರಲು ಬಿಡುತ್ತಾರೆ. ಮುಂದಿನದರಲ್ಲಿ ಬಹುಪಾಲು ಸಿಮಾಳೇ ಆಮೇಲೆ ಹೇಳಿದ್ದು. ಸಾಂತೊನ ಕೈಗೆ ಸೂಜಿ ಚುಚ್ಚಿದರು, ನೀರು ಏರಿಸಿದರು, ಆರಾರು ಗಂಟೆಗೆ ರಕ್ತ ತೆಗೆದರು. ಅವಳ ಮಗಳ ವಯಸ್ಸಿನ ನರ್ಸೊಬ್ಬಳು ಮಡಚಿದ ಕಾಗದವೊಂದನ್ನು ಬಿಡಿಸಿ ನಿಧಾನವಾಗಿ ಓದಿ ತಿಳಿಸಿದಳು. ಇಷ್ಟಿಷ್ಟೇ ನೀರು ಕುಡಿಸಬೇಕು, ಮೂತ್ರ ಅಳೆದು ಬರೆದಿಡಬೇಕು. ಸಿಮಾಗೆ ಆ ಕಾಗದ ಬಾಯಿಪಾಠ. ಅದನ್ನೇ ಸಾವಿರ ಪ್ರತಿ ಹಂಚಿದ್ದಳು. ಆದರೂ ಮೊದಲ ಸಲ ಕೇಳುವವಳಂತೆ ತಲೆಯಾಡಿಸಿದಳು.

"ನಾನಾಯ್," ಎಂದಳು ಆ ಹುಡುಗಿ, ಅಮ್ಮನನ್ನು ಗದರುವ ಸಲಿಗೆಯಲ್ಲಿ, "ಜ್ವರ ಇಳಿದ ಮೇಲೇ ಅಪಾಯ ಜಾಸ್ತಿ ಅಂತ ನಿಮಗೆ ಯಾರೂ ಹೇಳಿರ್ಲಿಲ್ವಾ?"

ಸಿಮಾ ತನ್ನ ನೀಲಿ ಅಂಗಿಯ ಮೇಲಿದ್ದ ‘ಆರೋಗ್ಯ ಸೇವಕಿ’ ಎಂಬ ಅಕ್ಷರಗಳನ್ನು ಟವೆಲಿನಿಂದ ಮುಚ್ಚಿಕೊಂಡಳು.

"ಹೇಳಿದ್ರು ಮಗಳೇ," ಎಂದಳು.

ಆಮೇಲಿನ ಎರಡು ದಿನ ಅವಳು ಕಂಡದ್ದನ್ನು ಮೂವತ್ತಮೂರು ವರ್ಷದ ಸಂಸಾರದಲ್ಲಿ ಕಂಡಿರಲಿಲ್ಲ. ನೀರು ಕುಡಿ ಅಂದರೆ ಸಾಂತೊ ಕುಡಿದ. ಮಗ್ಗುಲಾಗು ಅಂದರೆ ಮಗ್ಗುಲಾದ. ಕಣ್ಣು ಮುಚ್ಚು ಅಂದರೆ ಮುಚ್ಚಿದ. ಸಿಮಾಳ ಎದೆ ಒಡೆದುಹೋಯಿತು. ಎಂಥ ರೋಗವಾದರೂ ಇರಲಿ, ಈ ವಿಧೇಯತೆ ಬೇಡ ದೇವರೇ ಎಂದು ಬೇಡಿಕೊಂಡಳು. ಕೆಣಕಿಯೂ ನೋಡಿದಳು. "ನಿಮ್ಮ ಇಲಾಯಾದವರಷ್ಟು ಮೋಸಗಾರರು ಎಲ್ಲೂ ಇಲ್ಲ," ಎಂದಳು. ಸಾಂತೊ ಹೌದೆಂದು ತಲೆಯಾಡಿಸಿದ. ಅವಳು ಹೊರಗೋಡಿ ಡಾಕ್ಟರನ್ನು ಕರೆದಳು.

ಡಾಕ್ಟರು ಬಂದು ನೋಡಿ, "ಕಾಯಬೇಕು," ಎಂದರು. ಅವರೂ ಅಷ್ಟೇ ಮಾಡಬಲ್ಲವರಾಗಿದ್ದರು.

ಎರಡನೇ ಸಂಜೆ ಕಪಿತಾನ್ ಬಂದು ಬಾಗಿಲ ಆಚೆಗೇ ನಿಂತರು. ಅವರ ಹಿಂದೆ ನಾನು.

"ಮನಾಂಗ್, ಬೈದುಬಿಡಿ," ಎಂದರು.

"ನಾಳೆ ಬೈತೀನಿ ಕ್ಯಾಪ್," ಎಂದಳು ಸಿಮಾ. "ಇವತ್ತು ಆಗಲ್ಲ." ಮೈಕಿನ ಬಾಯಿಗೆ ಬಟ್ಟೆ ತುರುಕಿದಂತಿತ್ತು ಅವಳ ದನಿ. ನಾವಿಬ್ಬರೂ ಬಸ್ಸು ಹತ್ತಿ ಊರಿಗೆ ಬಂದೆವು.

ಮೂರನೇ ದಿನ ಬೆಳಿಗ್ಗೆ ತೆಗೆದ ರಕ್ತದಲ್ಲಿ ಪ್ಲೇಟ್‌ಲೆಟ್ ಸ್ವಲ್ಪ ಏರಿತ್ತು. ಏರಿದ್ದು ನಿಲ್ಲುತ್ತದೋ ನೋಡೋಣ ಎಂದರು ಡಾಕ್ಟರು. ಮಧ್ಯಾಹ್ನ ಆಸ್ಪತ್ರೆಯ ಗಂಜಿ ಬಂತು. ಸಿಮಾ ಒಂದು ಚಮಚ ಆರಿಸಿ ಗಂಡನ ತುಟಿಗಿಟ್ಟಳು.

"ಬಾಯಿ ತೆಗಿ."

ಸಾಂತೊ ಒಂದು ಚಮಚ ನುಂಗಿದ. ಮುಖ ಕಿವುಚಿದ.

"ಥೂ. ಉಪ್ಪೇ ಇಲ್ಲ. ನೀನೇ ತಿನ್ನು."

"ತಿನ್ನಲೇಬೇಕು, ಡಾಕ್ಟರು ಹೇಳಿದಾರೆ."

"ಹಾಗಾದ್ರೆ ಅವರಿಗೇ ತಿನ್ನಿಸು," ಎಂದು ಗೋಡೆಯ ಕಡೆ ತಿರುಗಿದ. ಮತ್ತೆ ಚಮಚ ಒಡ್ಡಿದರೆ ತುಟಿ ಬಿಗಿದುಕೊಂಡ. ಗದರಿದರೆ ಹೊದಿಕೆ ಮುಸುಕೆಳೆದ.

ಸಿಮಾ ಬಟ್ಟಲು ಹಿಡಿದುಕೊಂಡು ಹೊರಗೆ ಬಂದು ಬೆಂಚಿನ ಮೇಲೆ ಕುಸಿದಳು. ಪಕ್ಕದಲ್ಲಿ ಒಬ್ಬ ಹೆಂಗಸು ಜಪಸರ ಹಿಡಿದು ಕೂತಿದ್ದಳು, ಅವಳ ಮಗ ಒಳಗಿದ್ದ.

"ನಿಮ್ಮವರು ಹೇಗಿದಾರೆ?"

"ಬಾಯೇ ತೆಗೀತಿಲ್ಲ," ಎಂದಳು ಸಿಮಾ. "ಒಂದು ಚಮಚಾನೂ ಒಳಗೆ ಬಿಡ್ತಿಲ್ಲ." ಅಷ್ಟು ಹೇಳುವುದರೊಳಗೆ ನಗುವೋ ಅಳುವೋ ತಿಳಿಯದ್ದು ಉಕ್ಕಿ ಬಂದು ಮೈಯೆಲ್ಲ ಕುಲುಕತೊಡಗಿತು.

"ಅಯ್ಯೋ, ಧೈರ್ಯ ತಂದುಕೊಳ್ಳಿ," ಎಂದು ಆ ಹೆಂಗಸು ಅವಳ ಹೆಗಲು ತಬ್ಬಿ, ತನ್ನ ಮಗನನ್ನು ಅರೆಗಳಿಗೆ ಬದಿಗಿಟ್ಟು, ಸಾಂತೊನ ಜೀವಕ್ಕಾಗಿ ದನಿಯೆತ್ತಿ ಪ್ರಾರ್ಥಿಸತೊಡಗಿದಳು.

ಬಿಡಿಸಿ ಹೇಳಲು ಸಿಮಾಗೆ ತ್ರಾಣವಿರಲಿಲ್ಲ. ಮೂರು ದಿನದಿಂದ ಅವಳು ಏನೂ ತಿಂದಿರಲಿಲ್ಲ. ಪ್ರಾರ್ಥನೆ ನಡೆಯುತ್ತಿದ್ದ ಹಾಗೆಯೇ ಮಡಿಲಲ್ಲಿದ್ದ ಬಟ್ಟಲಿಂದ ಒಂದು ಚಮಚ ಗಂಜಿ ಬಾಯಿಗಿಟ್ಟಳು. ಇನ್ನೊಂದು ಚಮಚ. ಉಪ್ಪು ನಿಜಕ್ಕೂ ಇರಲಿಲ್ಲ.