ಡೀನರ ಕೈಯಲ್ಲಿ ಕಳೆದುಹೋಗುವ ಕೀ

ದೋಹಾದ ನಮ್ಮ ಕಮ್ಯುನಿಟಿ ಕಾಲೇಜಿನ ವಾಣಿಜ್ಯ ವಿಭಾಗಕ್ಕೆ ಉಡುಪಿ ಕಡೆಯ ಫಿಡೆಲಿಸ್ ಸರ್ ಡೀನ್. ಅವರ ಮೇಜಿನ ಮೇಲೆ ಸ್ಟೇಪ್ಲರಿಗೂ ಗೊತ್ತುಪಡಿಸಿದ ಜಾಗವಿದೆ. ಯಾರಾದರೂ ಸರಿಸಿದರೆ ಮೀಟಿಂಗ್ ನಿಲ್ಲುತ್ತದೆ. ರಜೆ ಕೇಳಿದರೂ, ಚಹಾ ತಣ್ಣಗಿದೆ ಎಂದರೂ ಉತ್ತರ ಒಂದೇ: "ನೋಡುವ, ಒಂದು ಕಮಿಟಿ ಮಾಡುವ." ನಿಯಮಕ್ಕೆ ಮಾತ್ರ ಕಮಿಟಿಯಿಲ್ಲ. ಪರೀಕ್ಷೆ ಶುರುವಾದ ಮೇಲೆ ಯಾರೇ ಬಂದರೂ "ಖಲಾಸ್" ಎಂದು ಬಾಗಿಲು ಹಾಕಿಬಿಡುತ್ತಾರೆ. ಆದರೆ ಇಂಡಸ್ಟ್ರಿಯಲ್ ಏರಿಯಾದಿಂದ ಕೆಲಸ ಮುಗಿಸಿ ಬರುವ ವಿದ್ಯಾರ್ಥಿಗಳ ಕಂಪನಿ ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ದಿನ ಪರೀಕ್ಷಾ ಹಾಲಿನ ಕೀಯೇ ಕಾಣೆಯಾಗುತ್ತದೆ. ಸರ್ ಒಂದು ಕಣ್ಣು ಕಿಟಕಿಯ ಮೇಲಿಟ್ಟು, ಒಂದೊಂದೇ ಡ್ರಾಯರನ್ನು ನಿಧಾನವಾಗಿ ಹುಡುಕುತ್ತಾರೆ. ಬಸ್ಸು ಗೇಟಿನೊಳಗೆ ತಿರುಗಿದೊಡನೆ ಕೀ ಅವರ ಅಂಗಿಯ ಕಿಸೆಯಲ್ಲೇ ಸಿಗುತ್ತದೆ. "ಪ್ರಾಯ ಆಯ್ತು ಮಾರಾಯ್ರೆ," ಎನ್ನುತ್ತಾ ಸ್ಟೇಪ್ಲರನ್ನು ಕೂದಲೆಳೆಯಷ್ಟು ಸರಿಪಡಿಸುತ್ತಾರೆ.