ಹಟ್ಟಿಗೆ ಬಾರದ ಫಲಕ

ಕೆಮ್ಮು ಶುರುವಾದ ವಾರವೇ ನಾನು ಊರಿನ ಸಭೆಯಲ್ಲಿ ಎದ್ದು ನಿಂತು, ನಮ್ಮ ಹಟ್ಟಿ ಸರಕಾರ ಕೊಡುವ ‘ಕ್ಷಯಮುಕ್ತ’ ಫಲಕ ಪಡೆಯಲೇಬೇಕೆಂದು ಮಾತನಾಡಿದ್ದೆ. ನಾನು ಊಟಿ ಹತ್ತಿರದ ಕುಂದಾದ ಪವರ್‌ಹೌಸಿನಿಂದ ನಿವೃತ್ತನಾದವನು. ನಾಲ್ಕು ಜನ ನನ್ನ ಮಾತು ಕೇಳುತ್ತಾರೆ. ಕಾಯಿಲೆಯೇ ಇಲ್ಲದ ಊರು! ಹೇಳುವುದಕ್ಕೇ ಎಷ್ಟು ಹಿತವಾಗಿತ್ತು.

ಕೆಮ್ಮಿಗೆ ಮಂಜನ್ನು ದೂರಿದೆ. ಸಂಜೆಯ ಜ್ವರಕ್ಕೆ ಚಳಿಯನ್ನು ದೂರಿದೆ. ಬೆಲ್ಟು ಎರಡು ತೂತು ಒಳಗೆ ಹೋಯಿತು. ಅದಕ್ಕೆ ದೂರಲು ಏನೂ ಸಿಗಲಿಲ್ಲ.

ಹೆಲ್ತ್ ವರ್ಕರ್ ಮನೆಮನೆಗೆ ಬಂದು, ಕೆಮ್ಮುವವರಿಗೆ ಕಫದ ಡಬ್ಬಿ ಕೊಟ್ಟಳು. ನಾನು ಅದನ್ನು ಹೆಂಡತಿ ಮಾದಿಯ ಕೈಗಿತ್ತು, ‘ನೀ ಉಗುಳು’ ಎಂದೆ.

“ಬೋರ್ಡ ಎಲ್ಲಿ ನೆಟ್ಟಾರು? ನಿನ್ನ ಗುಂಡಿ ಮೇಲೆಯಾ?” ಎಂದಳು. ಆದರೂ ಉಗುಳಿದಳು. ನನ್ನ ಹೆಸರಿನ ರಿಪೋರ್ಟ್ ನೆಗೆಟಿವ್ ಬಂತು.

ಹದಿನೈದು ದಿನದ ಮೇಲೆ, ನಮ್ಮ ತೋಟದಲ್ಲಿ ಟೀ ಎಲೆ ಕೊಯ್ಯುವಾಗ ಕೆಮ್ಮು ಒತ್ತರಿಸಿತು. ಟವೆಲಿನಿಂದ ಬಾಯಿ ಒರೆಸಿಕೊಂಡೆ.

ರಕ್ತ.

ಊಟಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಎಕ್ಸ್‌ರೇ ಎತ್ತಿ ಹಿಡಿದು, ಕಫದ ಟೆಸ್ಟ್ ಆಗಿರಲಿಲ್ಲವೇ ಎಂದು ಕೇಳಿದರು. ಮಾದಿಯೇ ನಿಜ ಹೇಳಿದಳು. ಡಾಕ್ಟರ್ ಬಯ್ಯಲಿಲ್ಲ. “ಇಷ್ಟು ದಿನ ಯಾರ ಯಾರ ಹತ್ತಿರ ಹೋಗಿದ್ದೀರಿ?” ಎಂದಷ್ಟೇ ಕೇಳಿದರು.

ಆಗ ತಲೆಗಳು ನೆನಪಾದವು. ನಮ್ಮಲ್ಲಿ ಕಿರಿಯರು ಹಿರಿಯರನ್ನು ಕಂಡರೆ ತಲೆ ಬಾಗಿಸುತ್ತಾರೆ. ಹಿರಿಯರು ಬಾಗಿ, ತಲೆಯ ಮೇಲೆ ಕೈಯಿಟ್ಟು ಹರಸಬೇಕು. ಎರಡು ತಿಂಗಳು ನಾನು ಮದುವೆಯಲ್ಲಿ, ಸಾವಿನ ಮನೆಯಲ್ಲಿ, ದಾರಿಯಲ್ಲಿ ಕೆಮ್ಮುತ್ತಲೇ ಎಲ್ಲರನ್ನೂ ಹರಸಿದ್ದೆ. ನನ್ನ ಸಾವಿಗಿಂತ ಅದಕ್ಕೇ ಹೆಚ್ಚು ಹೆದರಿದೆ.

ಮಾತ್ರೆ ಶುರುವಾಯಿತು. ಮೂತ್ರ ಕಿತ್ತಳೆ ಬಣ್ಣ, ಊಟ ಕಂಡರೆ ವಾಕರಿಕೆ. ಹೆಲ್ತ್ ವರ್ಕರ್ ಮತ್ತೆ ಮನೆಮನೆಗೆ ಹೋದಳು. ಯಾರಿಗೂ ಕೆಮ್ಮಿಲ್ಲವಂತೆ! ಒಂದೇ ಒಂದು ಡಬ್ಬಿಯೂ ಖರ್ಚಾಗಲಿಲ್ಲ. ನಾನು ಕಲಿಸಿದ ಪಾಠವನ್ನು ಊರು ಚೆನ್ನಾಗಿಯೇ ಕಲಿತಿತ್ತು. ಕಾಯಿಲೆಯಿಲ್ಲದ ಊರಿನ ಕನಸು ಕೆಟ್ಟದ್ದಲ್ಲ. ಆದರೆ ಕಾಯಿಲೆ ಬಿದ್ದವರು ಬಾಯಿ ಮುಚ್ಚಿಕೊಂಡರೇ ಅದು ನನಸಾಗುವುದಾದರೆ, ಆ ಊರಿನಲ್ಲಿ ಬದುಕುವವರು ಯಾರು?

ಒಂದು ತಿಂಗಳ ಮೇಲೆ ಮಾಸ್ಕ್ ಹಾಕಿಕೊಂಡು ಸಭೆಯಂಗಳದ ತುದಿಯಲ್ಲಿ ನಿಂತೆ. ಡಬ್ಬಿಯ ಕಥೆ ಹೇಳಿದೆ.

“ಬೋರ್ಡ ಹೋತು,” ಎಂದರು ಯಾರೋ.

ಆಮೇಲೆ ಪಕ್ಕದ ಮನೆಯ ಸೊಸೆ ಗಂಗೆ, ಹೋದ ದೀಪಾವಳಿಯಲ್ಲಿ ನಾನು ಹರಸಿದವಳು, ಎದ್ದಳು. “ಎನಗೂ ಕೆಮ್ಮು ಅಯ್ಯ. ಜ್ವರವೂ ಉಂಟು. ಹೇಳೋಕೆ ಅಂಜಿಕೆ.”

ಅವಳ ಕಫದಲ್ಲೂ ಕ್ಷಯವಿತ್ತು. ಬೇಗ ಸಿಕ್ಕಿತು ಎಂದರು ಡಾಕ್ಟರ್. ನನ್ನಿಂದಲೇ ಬಂತೋ, ಗೊತ್ತಿಲ್ಲ. ಆ ಪ್ರಶ್ನೆ ನನ್ನ ಜೊತೆಯೇ ಇರುತ್ತದೆ.

ಹೋದ ವಾರ ನನ್ನ ಆರು ತಿಂಗಳ ಮಾತ್ರೆ ಮುಗಿದವು. ಕಫ ನೆಗೆಟಿವ್; ಈ ಸಲ ನನ್ನದೇ ಕಫ. ಗಂಗೆಗೆ ಇನ್ನೊಂದು ತಿಂಗಳಿದೆ. ಮೈ ತುಂಬಿಕೊಂಡಿದ್ದಾಳೆ. ನಿನ್ನೆ ದಾರಿಯಲ್ಲಿ ನನ್ನನ್ನು ಕಂಡು, ನಿಂತು, ತಲೆ ಬಾಗಿಸಿದಳು.

ನನ್ನ ಕೈ ಮೇಲೇಳಲಿಲ್ಲ. ಅವಳು ತಲೆ ಎತ್ತಲಿಲ್ಲ.

ಕೊನೆಗೆ ಕೈಯಿಟ್ಟೆ. ಮುಖವನ್ನು ಮಾತ್ರ ಆಚೆ ತಿರುಗಿಸಿಕೊಂಡು ಹರಸಿದೆ.