ಕಲ್ಲವ್ವ ಒಪ್ಪದ ತಾರೀಖು

ಪುಣೆಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಕಲ್ಲವ್ವನಿಗೆ ಎದುರಾಡುವ ಗಂಡಸು ಇನ್ನೂ ಹುಟ್ಟಿಲ್ಲ. ನಾನಂತೂ ಅಲ್ಲ. ಹಗಲೆಲ್ಲ ಶಿವಾಜಿನಗರದ ಆಡಿಟರ್ ಆಫೀಸಿನಲ್ಲಿ ಜನರ ತೆರಿಗೆ ಕಾಗದ ನೋಡಿ, ಸಂಜೆ ಆಕೆಯ ಬಾಗಿಲಲ್ಲಿ ಬಿಸಿ ರೊಟ್ಟಿಗೆ ಕಾಯುವ ಬಡಪಾಯಿ ನಾನು. ವಿಜಯಪುರದ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದ ಕಲ್ಲವ್ವ, ಗಂಡ ಈರಬಸಪ್ಪ ತೀರಿಕೊಂಡ ಮೇಲೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಗರಪಟ್ಟಾದ ಕನ್ನಡ ಹುಡುಗರಿಗೆ ಮಾರಿ, ಒಬ್ಬಳೇ ಮಗಳು ಶೀತಲ್‌ಳನ್ನು ಓದಿಸಿದಳು. ರೊಟ್ಟಿ ಬಡಿಯುವ ಕೈ ಎಷ್ಟು ಗಟ್ಟಿಯೋ ನಾಲಿಗೆಯೂ ಅಷ್ಟೇ ಗಟ್ಟಿ. “ಮನೋಹರ, ನಿನಗ ಲೆಕ್ಕ ಬರ್ತದ, ಬುದ್ಧಿ ಬರೂದಿಲ್ಲ” ಎಂಬುದು ನನಗೆ ಸಿಗುವ ದಿನದ ಆಶೀರ್ವಾದ.

ಶೀತಲ್‌ಗೆ ಗೊತ್ತು ಮಾಡಿದ ಹುಡುಗ ಮಾಂತು ಸೊಲ್ಲಾಪುರದವನು. ಅಮೆರಿಕದಲ್ಲಿ ನೀರಿನ ಪಂಪು ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್. ಮದುವೆ ಮೇ ತಿಂಗಳಿಗೆ ನಿಶ್ಚಯವಾಯಿತು. ಹೆಂಡತಿಯ ವೀಸಾಕ್ಕೆ ಮದುವೆಯ ಸರ್ಟಿಫಿಕೇಟ್ ಮೊದಲೇ ಕೈಯಲ್ಲಿದ್ದರೆ ಒಳ್ಳೆಯದೆಂದು ಅವನು ಡಿಸೆಂಬರಿನಲ್ಲೇ ರಜೆ ಹಾಕಿ ಬಂದ. ರಿಜಿಸ್ಟ್ರಾರ್ ಆಫೀಸಿಗೆ ಹೋಗೋಣವೆಂದಾಗ ಕಲ್ಲವ್ವ ಕೆಂಡವಾದಳು.

“ಧನುರ್ಮಾಸದಾಗ ಯಾರರ ಲಗ್ನ ಮಾಡ್ತಾರೇನು? ಸಹಿ ಮಾಡ್ರಿ, ಬ್ಯಾಡನ್ನೂದಿಲ್ಲ. ಆದ್ರ ಅದು ಲಗ್ನ ಅಲ್ಲ. ತಲಿ ಮ್ಯಾಲ ಅಕ್ಕಿಕಾಳು ಬೀಳೂತನಕ ಈಕಿ ನನ್ನ ಮಗಳು, ನೀ ಬ್ರಹ್ಮಚಾರಿ. ತಿಳೀತಿಲ್ಲೊ ಮಾಂತೂ?”

“ತಿಳೀತ್ರಿ ಅತ್ತಿ” ಎಂದ ಮಾಂತು, ತಲೆ ತಗ್ಗಿಸಿ.

ಆ ದಿನ ವಧುವಿಗೆ ಒಂದು ರಿಕ್ಷಾ, ವರನಿಗೆ ಇನ್ನೊಂದು. ಸಾಕ್ಷಿ ಹಾಕಿದವರಲ್ಲಿ ನಾನೊಬ್ಬ, ಕಲ್ಲವ್ವ ಒಬ್ಬಳು. ಸಹಿ ಹಾಕುವಾಗಲೂ ಆಕೆ ಅಲ್ಲಿನ ಗುಮಾಸ್ತನಿಗೆ ಮರಾಠಿಯಲ್ಲಿ “ಹೇ ಲಗ್ನ ನಾಹೀ ಬರಂ ಕಾ!” ಇದು ಮದುವೆಯಲ್ಲ ನೋಡು, ಎಂದು ಎಚ್ಚರಿಸಿಯೇ ಹಾಕಿದಳು. ಅವನು ಗಾಬರಿಯಾಗಿ ಕಾಗದ ಹಿಂದಕ್ಕೆಳೆದುಕೊಂಡ. ಅವನನ್ನು ಸಮಾಧಾನ ಮಾಡುವಷ್ಟರಲ್ಲಿ ನನಗೆ ಸಾಕೋಸಾಕಾಯಿತು. ರಜೆ ಮುಗಿಯುವ ತನಕ ಮಾಂತು ಹಡಪ್ಸರದ ಗೆಳೆಯನ ಮನೆಯಲ್ಲಿ ಮಲಗಿದ. ಊಟಕ್ಕೆ ಬಂದರೆ ಇಬ್ಬರ ನಡುವೆ ಕಲ್ಲವ್ವ ಕೂರುವಳು. ಸಿನಿಮಾಕ್ಕೆ ಹೋಗುತ್ತೇವೆಂದರೆ ತಾನೂ ಚಪ್ಪಲಿ ಮೆಟ್ಟುವಳು.

ಮೇ ತಿಂಗಳಲ್ಲಿ ಅಕ್ಕಿಕಾಳು ಬಿದ್ದವು. ಮಾಂತು ಹೊಸ ಮದುಮಕ್ಕಳ ವಾಡಿಕೆಯಂತೆ ಹೆಂಡತಿಯನ್ನು ಎತ್ತಿಕೊಂಡು ಜೇಜುರಿಯ ಖಂಡೋಬನ ಗುಡಿಯ ನಾಲ್ಕು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಇಳಿಸಿ, ವಾರದೊಳಗೆ ವಾಪಸ್ ಹಾರಿದ. ಜುಲೈಯಲ್ಲಿ ಮುಂಬೈಯಲ್ಲಿ ಶೀತಲ್‌ಳ ವೀಸಾ ಸಂದರ್ಶನ. ಗಂಡನ ತೆರಿಗೆ ರಿಟರ್ನ್ ಕೂಡ ಒಯ್ಯಬೇಕೆಂದು ಅವಳು ಫೈಲು ಹಿಡಿದು ನನ್ನ ಬಳಿ ಬಂದಳು.

ರಿಟರ್ನ್ ನೋಡಿದವನು ಫೈಲನ್ನು ಮತ್ತೊಮ್ಮೆ ಮೊದಲಿನಿಂದ ತಿರುವಿದೆ. ಹಿಂದಿನ ವರ್ಷದ ಕೊನೆಗೆ ಮದುವೆಯಾಗಿತ್ತೋ ಇಲ್ಲವೋ ಎಂದು ಅದರಲ್ಲಿ ಹೇಳಬೇಕು. ಏಪ್ರಿಲಿನಲ್ಲಿ ತುಂಬಿದ ಮಾಂತು ‘ಅವಿವಾಹಿತ’ ಎಂದು ಗುರುತು ಹಾಕಿದ್ದ. ಅದೇ ಫೈಲಿನಲ್ಲಿ ಡಿಸೆಂಬರಿನ ಮದುವೆ ಸರ್ಟಿಫಿಕೇಟ್! ಎರಡನ್ನೂ ಒಟ್ಟಿಗೆ ನೋಡಿದವರು ಈ ಮದುವೆಯೇ ಸುಳ್ಳೆಂದು ಶೀತಲ್‌ಳನ್ನು ಹಿಂದಕ್ಕೆ ಕಳಿಸಿದರೆ ಏನು ಗತಿ?

“ಹಿಂಗ್ಯಾಕ ಬರದ್ಯೊ?” ಎಂದು ಫೋನಿನಲ್ಲಿ ಕೇಳಿದೆ.

“ಅಕ್ಕಿಕಾಳು ಬೀಳೂತನಕ ಬ್ರಹ್ಮಚಾರಿ ಅಂತ ಅತ್ತಿನ ಹೇಳಿದ್ರಲ್ರಿ ಅಣ್ಣಾರ. ಏಪ್ರಿಲ್‌ದಾಗ ಇನ್ನೂ ಬಿದ್ದಿದ್ದಿಲ್ರಿ.”

ಅತ್ತೆಯ ಮಾತನ್ನು ಅಮೆರಿಕ ಸರ್ಕಾರದ ತನಕ ಒಯ್ದು ಪಾಲಿಸಿದ ಪುಣ್ಯಾತ್ಮ! ರಿಟರ್ನ್ ತಿದ್ದಿ, ಡಿಸೆಂಬರಿನಲ್ಲೇ ಮದುವೆಯಾಗಿತ್ತೆಂದು ಮತ್ತೆ ಸಲ್ಲಿಸಿದರೆ ಸಾಕಿತ್ತು. ಆದರೆ ಅವನು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. “ಮೊದಲ ಅತ್ತಿಗೊಂದು ಮಾತು ಕೇಳ್ರಿ” ಎಂದ.

ಕೇಳಿದೆ. “ನನ್ನ ಮಗಳ ಲಗ್ನ ಧನುರ್ಮಾಸದಾಗ ಆಗೇದಂತ ಬರೀತೀರಾ? ಆಗೂದಿಲ್ಲ ಅಂದ್ರ ಆಗೂದಿಲ್ಲ!” ಎಂದಳು ಕಲ್ಲವ್ವ.

ನಾನು ಸರ್ಟಿಫಿಕೇಟ್ ಮುಂದೆ ಹಿಡಿದೆ. “ಅಕ್ಕಾ, ಈ ಸಾಕ್ಷಿ ಸಹಿ ಯಾರದ್ರಿ?”

ಆಕೆ ತನ್ನ ಸಹಿಯನ್ನು ನೋಡಿ ಒಳಗೆ ಹೋದಳು. ಆ ಸಂಜೆ ನನಗೆ ರೊಟ್ಟಿ ಸಿಗಲಿಲ್ಲ, ಮರುದಿನವೂ ಇಲ್ಲ. ಮುಂದಿನ ಭಾನುವಾರ ನನ್ನನ್ನೂ ಶೀತಲ್‌ಳನ್ನೂ ಜೇಜುರಿಗೆ ಎಳೆದೊಯ್ದು, ಆಕೆಯ ಪಾಲಿಗೆ ಮೈಲಾರಲಿಂಗನೇ ಆದ ಖಂಡೋಬನ ಮುಂದೆ ಕಣ್ಣು ಮುಚ್ಚಿ ಅದೇನೋ ಜಗಳವಾಡಿ, ಹಣೆ ತುಂಬ ಅರಿಶಿನದ ಭಂಡಾರ ಬಳಿದುಕೊಂಡು ಹೊರಗೆ ಬಂದಳು.

“ನಮ್ಮ ಮೈಲಾರಲಿಂಗಪ್ಪಗ ಇಬ್ರು ಹೆಂಡ್ರು. ಈ ಹುಡುಗೂರಿಗೆ ಎರಡು ಲಗ್ನ. ನಡೀತದ ಅಂದಾನ. ತಿದ್ದಿಸಿಬಿಡು.”

ತಿದ್ದಿದ ರಿಟರ್ನಿನ ಪ್ರತಿ ಬಂತು. ಮದುವೆ ಎಂದಾಯಿತೆಂದು ಮುಂಬೈಯಲ್ಲಿ ಕೇಳಿದಾಗ ಶೀತಲ್ ತಡವರಿಸದೆ ಡಿಸೆಂಬರ್ ಎಂದಳಂತೆ. ವೀಸಾ ಸಿಕ್ಕಿತು.

ಪಾಸ್‌ಪೋರ್ಟ್ ಕೈಗೆ ಬಂದ ಸಂಜೆ ನಾನು ಸಂಭ್ರಮದಲ್ಲಿ ಕಲ್ಲವ್ವನ ಕಾಲೆಳೆದೆ. “ಕಡೀಗೂ ಧನುರ್ಮಾಸದ ಲಗ್ನಾ ಒಪ್ಕೊಂಡ್ರಿ ಬಿಡ್ರಿ ಅಕ್ಕಾ.”

ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಧನುರ್ಮಾಸದ್ದು ಏನು ಬಿಡೊ, ದೇವರು ಹೊಟ್ಟ್ಯಾಗ ಹಾಕ್ಕೋತಾನ. ಮೇ ತನಕರ ಈಕಿ ನನ್ನ ಮನಿ ಮಗಳು ಅಂತ ತಿಳಕೊಂಡು ದಿನಾ ಸುಖದ್ಲೆ ಮಕ್ಕೊಂಡಿದ್ದೆ. ನೀವು ತಿದ್ದಿ ತಿದ್ದಿ, ಆ ಐದು ತಿಂಗಳನೂ ಅವರ ಮನಿಗೇ ಬರಕೊಟ್ರಿ.”

ಬ್ಯಾಗು ತುಂಬುತ್ತಿದ್ದ ಶೀತಲ್ ಎದ್ದು ಬಂದು ತಾಯಿಯ ತೊಡೆಯ ಮೇಲೆ ತಲೆಯಿಟ್ಟಳು.

“ಸರಿ ಅತ್ತಾಗ, ಕೂದಲಿಗೆ ಹಿಟ್ಟು ಹತ್ತತದ” ಎಂದು ಬೈದಳು ಕಲ್ಲವ್ವ. ಬೈದ ಆಕೆಯೇ ಹಿಟ್ಟಿನ ಕೈಯಿಂದ ಮಗಳ ತಲೆ ಸವರತೊಡಗಿದಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಅದನ್ನು ನಾನೇ ತಿಂದೆ.